ಊರ ಶಾಲೆ ಯಾರದು?



ಕಳೆದ ವರ್ಷ ಮೇ ತಿಂಗಳ ಕೊನೆಯ ವಾರದ ಒಂದು ಸಂಜೆ. ಮಾತೆ ಮರಿಯಮ್ಮನವರ ಜಪಮಾಲೆ ಮುಗಿದು ಜನ ಮನೆಗೆ ಹೊರಟಿದ್ದರು. ನಮ್ಮ ಧರ್ಮಕೇಂದ್ರದಿಂದ ಮೂರು ಕಿಲೋಮೀಟರ್ ದೂರದ ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕರು ಬೈಕು ನಿಲ್ಲಿಸಿ ಗುರುನಿವಾಸದ ಜಗುಲಿಗೆ ಬಂದರು. ಅವರು ನಮ್ಮ ಸಭೆಯವರಲ್ಲ. ಯುಗಾದಿಗೆ ಒಬ್ಬಟ್ಟು ಕಳಿಸುತ್ತಾರೆ, ಕ್ರಿಸ್ಮಸ್ಸಿಗೆ ನಾನು ಕೇಕು ಕಳಿಸುತ್ತೇನೆ, ಅಷ್ಟು ಪರಿಚಯ. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ವಿಷಯಕ್ಕೆ ಬಂದರು.

"ಫಾದರ್, ತಪ್ಪು ತಿಳಿಯಬೇಡಿ. ಈ ವರ್ಷ ನಿಮ್ಮ ಶಾಲೆಯ ವ್ಯಾನು ನಮ್ಮ ಊರೊಳಗೆ ಬರುವುದು ಬೇಡ. ಮೇನ್ ರೋಡಿನಲ್ಲೇ ನಿಂತು ಹೋಗಲಿ."

ಮೂರು ವರ್ಷದ ಹಿಂದೆ ಅವರ ಶಾಲೆಯಲ್ಲಿ 31 ಮಕ್ಕಳಿದ್ದರು. ಮರುವರ್ಷ 24. ಈ ಸಲ 17ಕ್ಕೆ ಇಳಿಯುವ ಹಾಗಿತ್ತು. 60 ಮಕ್ಕಳವರೆಗೆ ಇರುವ ಶಾಲೆಯಲ್ಲೂ ಇಬ್ಬರು ಶಿಕ್ಷಕರಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆದರೆ ಪಕ್ಕದ ಊರಿನಲ್ಲಿ ಶಿಕ್ಷಕರ ಕೊರತೆ ಬಿದ್ದಾಗ, ಮಕ್ಕಳು ಕಡಿಮೆ ಇರುವ ಕಡೆಯಿಂದಲೇ ಒಬ್ಬರನ್ನು ನಿಯೋಜನೆಯ ಮೇಲೆ ಕಳಿಸುತ್ತಾರೆ. ಉಳಿದ ಒಬ್ಬರು ಐದು ತರಗತಿ ನೋಡಬೇಕು, ಊಟದ ಲೆಕ್ಕ ಬರೆಯಬೇಕು, ಮೀಟಿಂಗಿಗೆ ಹೋಗಬೇಕು. ಅಂಥ ಶಾಲೆಗೆ ಮರುವರ್ಷ ಇನ್ನೂ ನಾಲ್ಕು ಮನೆಯವರು ಮಕ್ಕಳನ್ನು ಕಳಿಸುವುದಿಲ್ಲ. ಆಮೇಲೆ ಬೀಗ.

"ಬಾಗಿಲು ಹಾಕುವುದು ಇಲಾಖೆಯಲ್ಲ ಫಾದರ್, ವ್ಯಾನು" ಎಂದರು. "ನಿಮ್ಮದೊಂದೇ ಅಲ್ಲ, ಮೂರು ವ್ಯಾನು ಬರುತ್ತವೆ. ಹೋಗಿ ಕೇಳಬಹುದು ಅನ್ನಿಸಿದ್ದು ನಿಮ್ಮೊಬ್ಬರನ್ನು."

ಯೋಚಿಸಿ ಹೇಳುತ್ತೇನೆ ಎಂದು ಕಳಿಸಿಕೊಟ್ಟೆ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ನಮ್ಮ ಇಂಗ್ಲಿಷ್ ಮಾಧ್ಯಮ ಶಾಲೆಗೆ ನಾನೇ ಕರೆಸ್ಪಾಂಡೆಂಟ್. ಆ ಹಳ್ಳಿಯಿಂದ ನಮ್ಮಲ್ಲಿಗೆ 11 ಮಕ್ಕಳು ಬರುತ್ತಿದ್ದರು. ವ್ಯಾನಿನ ಸಾಲ ಇನ್ನೂ ತೀರಿರಲಿಲ್ಲ. ಡ್ರೈವರ್ ಸಂಬಳ, ಡೀಸೆಲ್ಲು ಎಲ್ಲ ಆ ಮಕ್ಕಳ ಫೀಸಿನಿಂದಲೇ ಹೋಗಬೇಕು.

ಇದರಲ್ಲಿ ಧರ್ಮ ಅಧರ್ಮದ ಪ್ರಶ್ನೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ತಂದೆತಾಯಿ ತಮ್ಮ ಮಗುವಿಗೆ ಒಳ್ಳೆಯದೆಂದು ಕಂಡ ಶಾಲೆಯನ್ನು ಆರಿಸಿಕೊಳ್ಳುತ್ತಾರೆ, ವ್ಯಾನು ಬರುತ್ತದೆ, ಮಗು ಹತ್ತುತ್ತದೆ. ಯಾರೂ ಯಾರಿಗೂ ಮೋಸ ಮಾಡಲಿಲ್ಲ. ನಾನೂ ಮೊದಲು ಹಾಗೆಯೇ ಸಮಾಧಾನ ಮಾಡಿಕೊಂಡೆ. ಆದರೆ ಯಾರೂ ತಪ್ಪು ಮಾಡದೆ ಒಂದು ತಪ್ಪು ನಡೆದುಹೋಗಬಹುದೇ? ಅಂದು ರಾತ್ರಿಯಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು.

ಒಂದು ಸಂಗತಿ ಒಪ್ಪಿಕೊಳ್ಳಬೇಕು. ಆ ಶಾಲೆಯ ಮುಂದಿನಿಂದ ನಾನು ನಾಲ್ಕು ವರ್ಷ ಉಪಕೇಂದ್ರದ ಬಲಿಪೂಜೆಗೆ ಓಡಾಡಿದ್ದೇನೆ. ಒಮ್ಮೆ ಮಳೆಗೆ ಅದರ ಜಗುಲಿಯಲ್ಲಿ ನಿಂತದ್ದು ಬಿಟ್ಟರೆ ಒಳಗೆ ಕಾಲಿಟ್ಟಿರಲಿಲ್ಲ. ಕಾಣದ್ದನ್ನು ಕುರಿತು ತೀರ್ಪು ಕೊಡುವುದು ಬೇಡವೆಂದು ಜೂನ್ ಎರಡನೆಯ ವಾರ ಒಂದು ದಿನ ಬೆಳಿಗ್ಗೆಯೇ ಹೋದೆ.

ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಂತಿದ್ದರು. ನಾಡಗೀತೆ ಆಯಿತು, ರಾಷ್ಟ್ರಗೀತೆ ಆಯಿತು. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ದಿನಪತ್ರಿಕೆಯ ತಲೆಬರಹಗಳನ್ನು ಓದಿದಳು, ಕಷ್ಟದ ಪದ ಬಂದಲ್ಲಿ ನಿಂತು, ಮೇಷ್ಟರ ಮುಖ ನೋಡಿ, ಮತ್ತೆ ಮುಂದೆ ಹೋದಳು. ಯಾರೂ ನಗಲಿಲ್ಲ. ನಮ್ಮ ಶಾಲೆಯಲ್ಲಿ ಬೆಳಗಿನ ಸಭೆಯಲ್ಲಿ ಓದುವ ಮಗುವನ್ನು ನಾವು ಆರಿಸುತ್ತೇವೆ, ಚೆನ್ನಾಗಿ ಓದುವವರನ್ನೇ. ಇಲ್ಲಿ ಸರದಿ. ಹದಿನೇಳೇ ಮಕ್ಕಳಿರುವ ಕಡೆ ಎಲ್ಲರಿಗೂ ಸರದಿ ಬರುತ್ತದೆ.

ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ. ನಲಿ-ಕಲಿ. ಈ ಹೆಸರು ನಿಮಗೆ ಗೊತ್ತಿರಬಹುದು, ಹುಟ್ಟಿದ್ದು ನಮ್ಮ ನೆರೆಯಲ್ಲೇ ಎಂಬುದು ಎಷ್ಟು ಜನರಿಗೆ ಗೊತ್ತೋ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳ ಪದ್ಧತಿಯನ್ನು ನೋಡಿ, ಯುನಿಸೆಫ್ ನೆರವಿನಿಂದ ನಮ್ಮ ಮಕ್ಕಳಿಗೆ ಹೊಂದುವಂತೆ ಕಾರ್ಡುಗಳನ್ನೂ ಹಾಡುಗಳನ್ನೂ ಆಟಗಳನ್ನೂ ತಾವೇ ಕುಳಿತು ರಚಿಸಿದರು. 2009-10ರಿಂದ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ಬಂತು. ಕಾಡಂಚಿನ ಒಂದು ಹಿಂದುಳಿದ ತಾಲ್ಲೂಕಿನ ಮೇಷ್ಟರುಗಳು ಇಡೀ ನಾಡಿಗೆ ಪಾಠ ಹೇಳಿಕೊಟ್ಟ ಕಥೆ ಇದು. ನಮ್ಮ ಭಾಷಣಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಕೋಣೆಯ ಮೇಲ್ಗಡೆ ದಾರ ಕಟ್ಟಿ ಮಕ್ಕಳು ಬರೆದ ಚಿತ್ರ, ಕಾಗದದ ಹಕ್ಕಿ ತೂಗುಹಾಕಿದ್ದರು. ಅದಕ್ಕೆ ಚಪ್ಪರ ಎನ್ನುತ್ತಾರೆ. ಗೋಡೆಯಲ್ಲಿ ಕಲಿಕೆಯ ಏಣಿ. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ಏಣಿ ನೋಡಿ, ಅದಕ್ಕೆ ತಕ್ಕ ಕಾರ್ಡು ತೆಗೆದುಕೊಂಡು ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಒಂದು ಗುಂಪಿಗೆ ಟೀಚರ್ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಗೆಳೆಯರು ಹೇಳಿಕೊಡುತ್ತಾರೆ, ಮತ್ತೊಂದರಲ್ಲಿ ತಾನೇ ಕಲಿಯಬೇಕು. ಹೊಸದಾಗಿ ಸೇರಿದ ಪುಟ್ಟ ಹುಡುಗನಿಗೆ ಮೂರನೆಯ ತರಗತಿಯ ಹುಡುಗಿ 'ರ' ತಿದ್ದಿಸುತ್ತಿದ್ದಳು. ಆ ಪುಣ್ಯಾತ್ಮ ಅವಳ ಜಡೆ ಎಳೆಯುತ್ತಿದ್ದ.

"ಇದರ ಉಪಯೋಗ ಏನು ಗೊತ್ತಾ ಫಾದರ್?" ಎಂದರು ಟೀಚರಮ್ಮ. "ಜನವರಿಯಲ್ಲಿ ನಮ್ಮ ಅರ್ಧ ಮಕ್ಕಳು ಇರುವುದಿಲ್ಲ. ಅಪ್ಪ ಅಮ್ಮ ಕೊಡಗಿಗೆ ಕಾಫಿ ಹಣ್ಣು ಕೀಳಲು ಹೋಗುವಾಗ ಕರೆದುಕೊಂಡು ಹೋಗುತ್ತಾರೆ. ಒಂದೂವರೆ ತಿಂಗಳ ಮೇಲೆ ಬಂದ ಮಗು ಎಲ್ಲಿ ಬಿಟ್ಟಿತ್ತೋ ಅದೇ ಮೆಟ್ಟಿಲಿಂದ ಹತ್ತುತ್ತದೆ. ನೀನು ಹಿಂದೆ ಬಿದ್ದೆ ಅಂತ ಯಾರೂ ಹೇಳುವ ಹಾಗಿಲ್ಲ."

ಗುರುಮಠದಲ್ಲಿ ಮೂರು ವರ್ಷ ತತ್ವಶಾಸ್ತ್ರ ಓದಿದವನು ನಾನು. ವ್ಯಕ್ತಿಯ ಘನತೆ ಎಂಬ ಮಾತನ್ನು ನೂರು ಸಲ ಬರೆದಿದ್ದೇನೆ. ಆ ಗೋಡೆಯ ಮುಂದೆ ನಿಂತಾಗ ಅದಕ್ಕೆ ಒಂದು ಏಣಿಯ ಆಕಾರವೂ ಇರಬಹುದೆಂದು ತೋಚಿತು. ಕೂಲಿಯವರ ಬದುಕು ಹೇಗಿದೆಯೋ ಹಾಗೆಯೇ ಅದನ್ನು ಒಪ್ಪಿಕೊಂಡು, ಅವರ ಮಗುವಿಗೆ ಅವಮಾನವಾಗದಂತೆ ಪಾಠವನ್ನು ಜೋಡಿಸಿದ್ದಾರೆ. ನಮ್ಮ ಶಾಲೆಯಲ್ಲಿ ಒಂದೂವರೆ ತಿಂಗಳು ಬಾರದ ಮಗುವಿನ ಮನೆಗೆ ನಾವು ಕಳಿಸುವುದು ನೋಟಿಸು.

ಮಧ್ಯಾಹ್ನ ಊಟಕ್ಕೆ ನನ್ನನ್ನೂ ಕೂರಿಸಿಕೊಂಡರು. ನಾನು ಶಾಲೆಗೆ ಹೋಗುತ್ತಿದ್ದ ಎಂಬತ್ತರ ದಶಕದ ಕೊನೆಯಲ್ಲಿ ಊಟವಿರಲಿಲ್ಲ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗನೊಬ್ಬ ಮಧ್ಯಾಹ್ನ ಬೆಲ್ಲು ಹೊಡೆದಾಗ ಬೋರ್‌ವೆಲ್ ಪಂಪಿನ ಹತ್ತಿರ ಹೋಗಿ ನೀರು ಕುಡಿದು ಬರುತ್ತಿದ್ದ. ಮನೆಗೆ ಹೋಗಿ ಉಂಡು ಬಂದೆ ಎನ್ನುತ್ತಿದ್ದ. ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟು ರಾಜ್ಯಗಳಿಗೆ ಆದೇಶಿಸಿದ್ದು 2001ರ ನವೆಂಬರಿನಲ್ಲಿ. ನಮ್ಮಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. 2013ರಲ್ಲಿ ಹಾಲು, 2021ರ ಕೊನೆಯಿಂದ ಹಂತಹಂತವಾಗಿ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಅನ್ನ ಸಾಂಬಾರು ಬಡಿಸುತ್ತಿದ್ದ ತಾಯಿ ಕಾಲೋನಿಯವರು. ಊರಿನ ಗೌಡರ ಮೊಮ್ಮಗಳು, ಅಂಗಡಿ ಸಾಬರ ಮಗ, ನಮ್ಮ ಇಬ್ಬರು ಕಥೋಲಿಕ ಮಕ್ಕಳು, ಕಾಲೋನಿ ಮಕ್ಕಳು, ಎಲ್ಲ ಒಂದೇ ಸಾಲು.

ಇದನ್ನು ನೋಡಿ ಸ್ವರ್ಗವೇ ಇಳಿದುಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಅಡುಗೆಯವರು ದಲಿತ ಮಹಿಳೆ ಎಂಬ ಒಂದೇ ಕಾರಣಕ್ಕೆ ಪಾಲಕರು ಮಕ್ಕಳನ್ನು ಊಟಕ್ಕೆ ಬಿಡದ, ಶಾಲೆಯಿಂದಲೇ ಬಿಡಿಸಿಕೊಂಡು ಹೋದ ಸುದ್ದಿಗಳನ್ನು ನಮ್ಮ ರಾಜ್ಯದಲ್ಲೂ ಹೊರಗೂ ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಆ ಗೌಡರ ಮೊಮ್ಮಗಳು ಕೂಡ ಈ ವರ್ಷ ಬೇರೆ ವ್ಯಾನು ಹತ್ತಿದ್ದಾಳೆ. ಕಾರಣ ಇಂಗ್ಲಿಷೋ ಇನ್ನೇನೋ ಯಾರಿಗೆ ಗೊತ್ತು? ನಾವೂ ಏನು ಮೇಲಲ್ಲ. ಒಂದೇ ಪೀಠದಿಂದ ಒಂದೇ ರೊಟ್ಟಿ ಸ್ವೀಕರಿಸಿ, ಮದುವೆ ಮಾತು ಬಂದಾಗ ಕುಲ ಕೇಳುವ ಕುಟುಂಬಗಳು ನನ್ನ ಧರ್ಮಕೇಂದ್ರದಲ್ಲೇ ಇವೆ. ಅದು ಇನ್ನೊಂದು ವಾರದ ವಿಷಯವಾಗಲಿ.

ಕೊರತೆಯೂ ಕಂಡಿತು. ಎರಡನೆಯ ಕೋಣೆಯ ಹೆಂಚು ಸೋರುತ್ತದೆ. ಐದನೆಯ ತರಗತಿಯ ಇಬ್ಬರು ಹುಡುಗರಿಗೆ ಭಾಗಾಕಾರ ಬರುವುದಿಲ್ಲ. ಆ ದಿನ ಮೇಷ್ಟರು ಎರಡು ಗಂಟೆ ಯಾವುದೋ ಮಾಹಿತಿಯನ್ನು ಮೊಬೈಲಿಗೆ ತುಂಬುವುದರಲ್ಲೇ ಕಳೆದರು. 2007ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿದೆ, ಪುಸ್ತಕವೂ ಚೆನ್ನಾಗಿದೆ. ಆದರೆ ಅದನ್ನು ಕಲಿಸುವ ಟೀಚರಮ್ಮನಿಗೇ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಲು ಸಂಕೋಚ. ಇದನ್ನೆಲ್ಲ ಮುಚ್ಚಿಟ್ಟು ಸರ್ಕಾರಿ ಶಾಲೆ ಉಳಿಸಿ ಎಂದು ಕೂಗಿದರೆ ಪಾಲಕರು ನಂಬುವುದಿಲ್ಲ, ನಂಬಲೂ ಬಾರದು.

ಈಗ ಪ್ರಶ್ನೆಗೆ ಬರೋಣ. ಅಂಥ ಶಾಲೆಯನ್ನು ಬಿಟ್ಟು ಹೋದ ಪಾಲಕರು ತಪ್ಪಿತಸ್ಥರೇ?

ಅರಿಸ್ಟಾಟಲನು ತನ್ನ ರಾಜನೀತಿ ಗ್ರಂಥದ ಕೊನೆಯ ಪುಸ್ತಕದಲ್ಲಿ ನಗರದ ಗುರಿ ಒಂದೇ ಆಗಿರುವುದರಿಂದ ಶಿಕ್ಷಣವೂ ಎಲ್ಲರಿಗೂ ಒಂದೇ ಆಗಿರಬೇಕು, ಸಾರ್ವಜನಿಕವಾಗಿರಬೇಕು ಎಂದು ವಾದಿಸುತ್ತಾನೆ. ಪ್ರತಿಯೊಬ್ಬ ತಂದೆಯೂ ತನಗೆ ತೋಚಿದ್ದನ್ನು ತನ್ನ ಮಗನಿಗೆ ಮಾತ್ರ ಕಲಿಸುವ ಅಂದಿನ ಪದ್ಧತಿ ಅವನಿಗೆ ಹಿಡಿಸಲಿಲ್ಲ. (ಅವನ 'ಎಲ್ಲರಲ್ಲಿ' ಗುಲಾಮರು ಇರಲಿಲ್ಲ ಎಂಬುದನ್ನೂ ಮರೆಯಬಾರದು.) ಸಂತ ತೋಮಸ್ ಅಕ್ವಿನಾಸರು ಅರಿಸ್ಟಾಟಲನ ಶಿಷ್ಯರೇ ಆದರೂ ಇಲ್ಲಿ ಒಂದು ಗೆರೆ ಎಳೆಯುತ್ತಾರೆ. ಬುದ್ಧಿ ಬರುವ ತನಕ ಮಗು ತಂದೆತಾಯಿಯ ಪೋಷಣೆಯೊಳಗೆ, ಹುಟ್ಟಿದ ಮೇಲೂ ಇನ್ನೊಂದು ಗರ್ಭದೊಳಗೆ ಇರುವಂತೆ ಇರುತ್ತದೆ, ಅವರ ಇಚ್ಛೆಗೆ ವಿರುದ್ಧವಾಗಿ ಅದನ್ನು ಅಲ್ಲಿಂದ ಕಿತ್ತುಕೊಳ್ಳುವುದು ಅನ್ಯಾಯ ಎಂಬುದು ಅವರ ನಿಲುವು. ಯೆಹೂದ್ಯರ ಮಕ್ಕಳಿಗೆ ತಂದೆತಾಯಿಯ ಒಪ್ಪಿಗೆಯಿಲ್ಲದೆ ದೀಕ್ಷಾಸ್ನಾನ ಕೊಡಕೂಡದು ಎಂದು ಹೇಳುವಾಗ ಅವರು ಬಳಸಿದ ವಾದವಿದು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರಿನಲ್ಲಿ ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯೂ ಪಾಲಕರೇ ಮೊದಲ ಶಿಕ್ಷಕರು, ಶಾಲೆಯನ್ನು ಆರಿಸುವ ನಿಜವಾದ ಸ್ವಾತಂತ್ರ್ಯ ಅವರಿಗಿರಬೇಕು ಎನ್ನುತ್ತದೆ. ಆದ್ದರಿಂದ ಮಗುವನ್ನು ಬೇರೆ ಶಾಲೆಗೆ ಸೇರಿಸಿದ ತಾಯಿಗೆ ಪಾಪ ಮಾಡಿದೆ ಎಂದು ನಾನು ಹೇಳಲಾರೆ. ಹೇಳಿದರೆ ನನ್ನ ಗುರುಗಳೇ ನನ್ನನ್ನು ಫೇಲು ಮಾಡುತ್ತಾರೆ.

ಆದರೆ ಹಕ್ಕು ಇದೆ ಎಂಬಲ್ಲಿಗೆ ಕರ್ತವ್ಯ ಮುಗಿಯಿತೇ?

ನಮ್ಮ ಊರುಗಳ ಕೆರೆಯ ಕಥೆಯನ್ನು ನೆನೆಯಿರಿ. ಒಂದು ಕಾಲಕ್ಕೆ ಬೇಸಿಗೆಯಲ್ಲಿ ಇಡೀ ಊರು ಸೇರಿ ಕೆರೆಯ ಹೂಳೆತ್ತುತ್ತಿತ್ತು. ಎಲ್ಲರಿಗೂ ಅದೇ ನೀರು, ಆದ್ದರಿಂದ ಎಲ್ಲರ ಕೈಗೂ ಗುದ್ದಲಿ. ಆಮೇಲೆ ಅನುಕೂಲಸ್ಥರೊಬ್ಬರು ತಮ್ಮ ಹೊಲದಲ್ಲಿ ಕೊಳವೆಬಾವಿ ಕೊರೆಸಿದರು. ತಪ್ಪೇನು? ಅವರ ಹೊಲ, ಅವರ ದುಡ್ಡು. ಮರುವರ್ಷ ಹೂಳೆತ್ತಲು ಅವರು ಬರಲಿಲ್ಲ. ಇನ್ನಿಬ್ಬರು ಕೊರೆಸಿದರು, ಅವರೂ ಬರಲಿಲ್ಲ. ಹತ್ತು ವರ್ಷದಲ್ಲಿ ಕೆರೆ ತುಂಬ ಹೂಳು, ಜಾಲಿ. ತೂಬು ಮುರಿದಾಗ ಕೇಳಲು ಹೋದವರು ಕೊಳವೆಬಾವಿ ಇಲ್ಲದ ಬಡವರು, ಅವರ ಮಾತನ್ನು ಕೇಳುವವರಿಲ್ಲ. ಕೊನೆಗೆ ಕೊಳವೆಬಾವಿಗಳೂ ಬತ್ತಿದಾಗ ಗೊತ್ತಾಯಿತು, ಅವಕ್ಕೆ ನೀರು ಇಂಗುತ್ತಿದ್ದದ್ದು ಆ ಕೆರೆಯಿಂದಲೇ ಎಂದು. ಇಲ್ಲಿ ಬಾವಿ ಕೊರೆಸಿದ್ದು ತಪ್ಪಲ್ಲ. ಗುದ್ದಲಿ ಕೆಳಗಿಟ್ಟದ್ದು ತಪ್ಪು.

ಶಾಲೆಯ ವಿಷಯದಲ್ಲಿ ಈ ಗುದ್ದಲಿಗೆ ಒಂದು ಹೆಸರಿದೆ: ಎಸ್‌ಡಿಎಂಸಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಕರ್ನಾಟಕದಲ್ಲಿ ಇದು 2001ರಿಂದ ಇದೆ. 2009ರ ಕಾಯ್ದೆಯು ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಆ ಶಾಲೆಯ ಮಕ್ಕಳ ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ನೋಡಿ: ಪಂಚಾಯಿತಿ ಸದಸ್ಯರ ಮಗ ವ್ಯಾನಿನಲ್ಲಿ ಹೋದ, ಅಂಗಡಿಯವರ ಮಗಳು ಹೋದಳು, ನಿವೃತ್ತ ಗುಮಾಸ್ತರ ಮೊಮ್ಮಕ್ಕಳು ಹೋದರು. ಅರ್ಜಿ ಬರೆಯಬಲ್ಲವರು, ಬಿಇಒ ಕಚೇರಿಯ ಬಾಗಿಲು ತಟ್ಟಬಲ್ಲವರು, ಮೇಷ್ಟರು ತಡವಾಗಿ ಬಂದರೆ ಯಾಕೆ ಎಂದು ಕೇಳಬಲ್ಲವರು ಎಲ್ಲ ಹೋದ ಮೇಲೆ ಸಮಿತಿಯಲ್ಲಿ ಉಳಿಯುವವರು ಸಭೆಗೆ ಬಂದರೆ ಅಂದಿನ ಕೂಲಿ ಕಳೆದುಕೊಳ್ಳುವವರು. ನಾನು ಆ ಶಾಲೆಯ ಸಭೆಯ ಪುಸ್ತಕ ನೋಡಿದೆ. ಹಾಜರಾತಿಯಲ್ಲಿ ಹೆಬ್ಬೆಟ್ಟುಗಳು ಇದ್ದವು. ಪ್ರಶ್ನೆಗಳು ಇರಲಿಲ್ಲ.

ನಮ್ಮ ಮಗುವನ್ನು ಕರೆದುಕೊಂಡು ಹೊರಡುವಾಗ ನಮ್ಮ ದನಿಯನ್ನೂ ಜೊತೆಗೆ ಒಯ್ಯುತ್ತೇವೆ. ಸೋರುವ ಹೆಂಚಿನ ಕೆಳಗೆ ಉಳಿದ ಮಗುವಿಗೆ ಆಗುವ ನಷ್ಟ ಅದು.

ಇದು ಹೊಸ ಮಾತಲ್ಲ. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಒಂದು ನೆರೆಹೊರೆಯ ಮಕ್ಕಳೆಲ್ಲ, ಬಡವರೂ ಬಲ್ಲಿದರೂ, ಒಂದೇ ಶಾಲೆಯಲ್ಲಿ ಕೂಡಿ ಕಲಿಯುವ ಸಮಾನ ಶಾಲೆಯ ಪದ್ಧತಿಯನ್ನು ಸೂಚಿಸಿತ್ತು. 1968ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನು ಒಪ್ಪಿತು, ನಾಡು ಮರೆಯಿತು. 2015ರ ಆಗಸ್ಟಿನಲ್ಲಿ ಅಲಹಾಬಾದ್ ಹೈಕೋರ್ಟು, ಸರ್ಕಾರದ ಬೊಕ್ಕಸದಿಂದ ಸಂಬಳ ಪಡೆಯುವವರು ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸುವಂತೆ ವ್ಯವಸ್ಥೆ ಮಾಡಿ ಎಂದು ಉತ್ತರ ಪ್ರದೇಶದ ಮುಖ್ಯ ಕಾರ್ಯದರ್ಶಿಗೆ ಆದೇಶಿಸಿತು. ಆ ಆದೇಶ ಕಾಗದದಲ್ಲೇ ಉಳಿಯಿತು. ಅದನ್ನು ಓದಿದ ದಿನ ನಾನು ಚಪ್ಪಾಳೆ ತಟ್ಟಿದ್ದೆ. ಈಗ ಅಷ್ಟು ಧೈರ್ಯವಿಲ್ಲ. ಕೋರ್ಟಿನ ಭಯಕ್ಕೆ ಮಗುವನ್ನು ಕಳಿಸುವ ಅಧಿಕಾರಿ ಮನೆಯಲ್ಲಿ ಟ್ಯೂಷನ್ ಇಡುತ್ತಾನೆ. ಗುದ್ದಲಿ ಹಿಡಿಯುತ್ತಾನೆಂಬ ನಂಬಿಕೆ ನನಗಿಲ್ಲ. ಜೊತೆಗೆ ಅಕ್ವಿನಾಸರ ಗೆರೆಯನ್ನು ನಾನು ದಾಟಲಾರೆ.

ನಮ್ಮ ಸಭೆಯ ಶಾಲೆಗಳ ಮಾತನ್ನು ಬಿಟ್ಟು ಈ ಲೇಖನ ಮುಗಿಸಿದರೆ ಮೋಸವಾಗುತ್ತದೆ. ಅದೇ 1965ರ ಘೋಷಣೆಯು ಕಥೋಲಿಕ ಶಾಲೆಗಳು ಈ ಲೋಕದ ಸಂಪತ್ತಿನಲ್ಲಿ ಬಡವರಾದವರ ಕಡೆಗೆ ವಿಶೇಷ ಗಮನ ಕೊಡಬೇಕೆಂದೂ ಹೇಳುತ್ತದೆ. 2014ರಲ್ಲಿ ಸುಪ್ರೀಂ ಕೋರ್ಟು ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದು ಎಂದಾಗ ನಾವೆಲ್ಲ ನಿಟ್ಟುಸಿರು ಬಿಟ್ಟೆವು. ನಮ್ಮ ಸಂವಿಧಾನಬದ್ಧ ಹಕ್ಕು ಉಳಿಯಿತೆಂದು ಸಂತೋಷಪಟ್ಟದ್ದು ಸರಿಯೇ. ಬಡ ಮಕ್ಕಳಿಗೆ ಬಿಡಬೇಕಾಗಿದ್ದ ಕಾಲು ಭಾಗ ಸೀಟು ಉಳಿಯಿತೆಂದೂ ಸ್ವಲ್ಪ ಸಂತೋಷಪಟ್ಟೆವೇ? ನನ್ನ ಮಟ್ಟಿಗೆ, ಹೌದು.

ಜೂನ್ ಮೂರನೆಯ ಭಾನುವಾರ ಪಾಲನಾ ಮಂಡಳಿಯ ಮುಂದೆ ವಿಷಯವಿಟ್ಟೆ. ಎರಡು ಗಂಟೆ ವಾದವಾಯಿತು. "ನಾವು ಬಿಟ್ಟರೆ ಆ ಮಕ್ಕಳು ಬೇರೆ ವ್ಯಾನು ಹತ್ತುತ್ತಾರೆ ಫಾದರ್, ಸರ್ಕಾರಿ ಶಾಲೆಗೇನೂ ಹೋಗಲ್ಲ" ಎಂದರು ಖಜಾಂಚಿ. ಲೆಕ್ಕದಲ್ಲಿ ಅವರು ಯಾವಾಗಲೂ ಸರಿ. ಕೊನೆಗೆ ಮೂರು ತೀರ್ಮಾನವಾಯಿತು. ವ್ಯಾನು ಮುಖ್ಯರಸ್ತೆಯಲ್ಲೇ ನಿಲ್ಲುವುದು. ನಮ್ಮ ಕಾನ್ವೆಂಟಿನ ಒಬ್ಬ ಸಿಸ್ಟರ್, ಒಪ್ಪಿಗೆ ಪಡೆದು, ಪ್ರತಿ ಬುಧವಾರ ಆ ಶಾಲೆಗೆ ಹೋಗಿ ಇಂಗ್ಲಿಷ್ ಮಾತಾಡಿಸುವುದು. ಆ ಶಾಲೆಯಲ್ಲಿ ಐದು ಮುಗಿಸಿದ ಮಗು, ಯಾವ ಧರ್ಮದ್ದೇ ಆಗಲಿ, ಆರಕ್ಕೆ ನಮ್ಮಲ್ಲಿಗೆ ಬಂದರೆ ಅರ್ಧ ಫೀಸು. ನನಗೆ ಬಹಳ ಹೆಮ್ಮೆಯಾಗಿತ್ತು ಆ ದಿನ.

ಮರುವಾರ ಬಲಿಪೂಜೆ ಮುಗಿದ ಮೇಲೆ ಆ ಹಳ್ಳಿಯ ಒಬ್ಬ ತಾಯಿ ನನ್ನನ್ನು ನಿಲ್ಲಿಸಿದಳು. ಶುಂಠಿ ಹೊಲದ ಕೂಲಿಗೆ ಹೋಗುವವಳು. ಸಂಘದಲ್ಲಿ ಸಾಲ ತೆಗೆದು ಮಗಳನ್ನು ನಮ್ಮ ಯುಕೆಜಿವರೆಗೆ ಓದಿಸಿದ್ದಳು.

"ಸ್ವಾಮಿ, ಬೈಕಿರೋರು ಮಕ್ಕಳನ್ನ ರೋಡಿನ ತನಕ ಬಿಟ್ಟು ಬರ್ತಾವ್ರೆ. ನಾನು ಏಳು ಗಂಟೆಗೆ ಕೂಲಿಗೆ ಹೋಗ್ಬೇಕು. ನನ್ನ ಮಗಳು ಹೆಂಗೆ ಹೋಗ್ಬೇಕು?" ನಾನು ಊರ ಶಾಲೆಯ ಮಾತೆತ್ತಿದೆ, ನಲಿ-ಕಲಿಯ ಏಣಿಯ ಮಾತು ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: "ನಿಮ್ಮ ಅಕ್ಕನ ಮಕ್ಕಳು ಯಾವ ಸ್ಕೂಲಲ್ಲಿ ಓದ್ತಾವ್ರೆ ಸ್ವಾಮಿ?"

ನನ್ನ ಅಕ್ಕನ ಮಕ್ಕಳು ಮೈಸೂರಿನಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಾರೆ. ಸೀಟಿಗೆ ಶಿಫಾರಸು ಪತ್ರ ಬರೆದದ್ದು ನಾನೇ.

ನಾನು ಉತ್ತರ ಕೊಡಲಿಲ್ಲ, ಅವಳೂ ಕಾಯಲಿಲ್ಲ. ಇಂಗ್ಲಿಷ್ ಎಂದರೆ ಅವಳಿಗೆ ಷೋಕಿಯಲ್ಲ. ತಲೆಮಾರುಗಳಿಂದ ಮುಚ್ಚಿದ ಬಾಗಿಲಿಗೆ ಅದೊಂದೇ ಬೀಗದಕೈ ಎಂದು ಅವಳು ನಂಬಿದ್ದಾಳೆ. ಬೀಗದಕೈ ಈಗಾಗಲೇ ಜೇಬಿನಲ್ಲಿರುವ ನಾನು ಅವಳಿಗೆ ಸರ್ವಹಿತದ ಪಾಠ ಹೇಳಲು ಹೊರಟಿದ್ದೆ. 11 ಮಕ್ಕಳಲ್ಲಿ ಆರು ಜನ ಬೈಕಿನಲ್ಲಿ ರಸ್ತೆಗೆ ಬಂದು ನಮ್ಮ ವ್ಯಾನು ಹತ್ತಿದರು. ಇಬ್ಬರು ಬೇರೆ ವ್ಯಾನು ಹಿಡಿದರು. ಊರ ಶಾಲೆಗೆ ಸೇರಿದವರು ಮೂವರು, ಮೂವರೂ ಬೈಕಿಲ್ಲದ ಮನೆಯವರು. ನನ್ನ ತತ್ವದ ಬೆಲೆಯನ್ನು ತೆತ್ತವರು ಅವರು. ಎಲ್ಲರೂ ಸೇರಿ ಗುದ್ದಲಿ ಹಿಡಿಯಬೇಕೆಂದು ಹೊರಟವನು ಅತಿ ಬಡವರ ಕೈಗೆ ಮಾತ್ರ ಗುದ್ದಲಿ ಕೊಟ್ಟಿದ್ದೆ.

ಆ ತೀರ್ಮಾನವನ್ನು ಹಿಂತೆಗೆದುಕೊಳ್ಳಬೇಕೇ ಎಂದು ನಾಲ್ಕು ತಿಂಗಳು ಯೋಚಿಸಿದೆ. ಹಿಂತೆಗೆದುಕೊಂಡಿಲ್ಲ. ಬದಲಿಗೆ ಪಾಲನಾ ಮಂಡಳಿಯ ಇಬ್ಬರು ನಿವೃತ್ತ ಶಿಕ್ಷಕರು ಶನಿವಾರಗಳಲ್ಲಿ ಐದನೆಯವರ ಭಾಗಾಕಾರಕ್ಕೆ ಕೂರುತ್ತಾರೆ. ಹೆಂಚಿನ ಅರ್ಜಿಯನ್ನು ನಮ್ಮ ಖಜಾಂಚಿಯೇ ಬರೆದುಕೊಟ್ಟು, ಪಂಚಾಯಿತಿಗೆ ನಾಲ್ಕು ಸಲ ಅಲೆದರು. ಅವರ ಮಕ್ಕಳು ಎಂದೂ ಅಲ್ಲಿ ಓದಿದವರಲ್ಲ. ಹೆಂಚು ಫೆಬ್ರವರಿಯಲ್ಲಿ ಬಂತು. ಉಳಿದ ಎರಡು ವ್ಯಾನುಗಳು ಈಗಲೂ ಊರೊಳಗೆ ಹೋಗಿ ಹಾರನ್ ಹೊಡೆಯುತ್ತವೆ. ಮುಖ್ಯ ಶಿಕ್ಷಕರ ಲೆಕ್ಕದಲ್ಲಿ ಈ ಜೂನಿಗೆ 19 ಮಕ್ಕಳು.

ಆ ತಾಯಿ ಜನವರಿಯಲ್ಲಿ ಮಗಳನ್ನು ಕರೆದುಕೊಂಡು ಕೊಡಗಿಗೆ ಹೋಗಿದ್ದಳು. ಮಗು ವಾಪಸು ಬಂದು ತನ್ನ ಮೆಟ್ಟಿಲು ಹುಡುಕಿ ಕೂತಿತು ಎಂದು ಟೀಚರಮ್ಮ ಹೇಳಿದರು. ತಾಯಿ ಈಗ ಎಸ್‌ಡಿಎಂಸಿ ಸದಸ್ಯೆ. ಎರಡನೆಯ ಮೇಷ್ಟರನ್ನು ವಾರಕ್ಕೆ ಮೂರು ದಿನ ಬೇರೆ ಊರಿಗೆ ಯಾಕೆ ಕಳಿಸುತ್ತೀರಿ ಎಂದು ಸಭೆಯಲ್ಲಿ ಕೇಳಿದಳಂತೆ. ನನ್ನ ಜೊತೆ ಮಾತ್ರ ಮಾತು ಬಿಟ್ಟಿದ್ದಳು. ಪೂಜೆಗೆ ಬರುತ್ತಾಳೆ, ಕೊನೆಯ ಆಶೀರ್ವಾದವಾದ ಕೂಡಲೇ ಹೊರಡುತ್ತಾಳೆ.

ಹೋದ ಭಾನುವಾರ ದೇವಾಲಯದ ಮೆಟ್ಟಿಲ ಹತ್ತಿರ ನಿಂತಿದ್ದಳು.

"ಸ್ವಾಮಿ, ಬುಧವಾರ ಇಂಗ್ಲಿಷ್ ಸಿಸ್ಟರ್ ಬರ್ಲಿಲ್ಲ. ಮಕ್ಕಳು ಕಾಯ್ತಾ ಕೂತಿದ್ವು. ಯಾಕೆ ಬರ್ಲಿಲ್ಲ?"

ಆ ದಿನ ನಮ್ಮ ಶಾಲೆಯ ಕ್ರೀಡಾಕೂಟವಿತ್ತು. ಸಿಸ್ಟರನ್ನು ಇಲ್ಲೇ ಇರಿ ಎಂದು ನಿಲ್ಲಿಸಿಕೊಂಡವನು ನಾನು. ಅದನ್ನೇ ಹೇಳಿದೆ. ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಈ ಬುಧವಾರ?" ಎಂದಳು.

"ಬರ್ತಾರಮ್ಮ" ಎಂದೆ.